ಮುಖ ತಿದ್ದುವವರು ಮೊಬೈಲಿಗಿಂತ ಮೊದಲೇ ಇದ್ದರು

ಮುಂಬಯಿಯ ಕನ್ನಡ ಸಂಘಗಳ ಮಹಿಳಾ ವಿಭಾಗದ ಕಾರ್ಯಕ್ರಮವಿರಲಿ, ಪತ್ರಿಕೆಯ ಆರೋಗ್ಯ ಅಂಕಣವಿರಲಿ, ಕಾಲೇಜಿನ ವಿಚಾರಗೋಷ್ಠಿಯಿರಲಿ, ಈಚೆಗೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ಗಳ ಬ್ಯೂಟಿ ಫಿಲ್ಟರ್ ನಮ್ಮ ಹುಡುಗಿಯರ ತಲೆ ಕೆಡಿಸಿದೆಯಂತೆ. ಫಿಲ್ಟರಿನಲ್ಲಿ ಕಂಡ ಮುಖವೇ ತನಗೆ ಬೇಕೆಂದು ಅವರು ಫೋನ್ ಹಿಡಿದುಕೊಂಡು ಚರ್ಮವೈದ್ಯರ ಬಳಿ ಓಡುತ್ತಿದ್ದಾರಂತೆ. ಆ್ಯಪ್ ತೆಗೆದುಹಾಕಿ, ದೇವರು ಕೊಟ್ಟ ಮುಖವನ್ನು ಪ್ರೀತಿಸಲು ಕಲಿತರೆ ಎಲ್ಲ ಸರಿಹೋಗುತ್ತದಂತೆ. ಇದನ್ನು ಹೇಳುವವರ ಕಾಳಜಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಫಿಲ್ಟರ್ ಹೊಸದೊಂದು ಆಸೆಯನ್ನು ಹುಟ್ಟಿಸಲಿಲ್ಲ. ಹುಡುಗಿ ಬುದ್ಧಿ ತಿಳಿದಾಗಿನಿಂದ ಮನೆಯಲ್ಲಿ, ನೆಂಟರ ನಡುವೆ, ಮದುವೆ ಮಾತುಕತೆಗಳಲ್ಲಿ ಕೇಳಿಸಿಕೊಂಡದ್ದನ್ನೇ ಪರದೆಯ ಮೇಲೆ ಮಾಡಿ ತೋರಿಸಿತು. ಆ ಆಸೆಯನ್ನು ಈಡೇರದ ನಿರೀಕ್ಷೆಯಾಗಿ ಬೆಳೆಸುತ್ತಿರುವುದು ಕ್ಲಿನಿಕ್‌ಗಳ ಮಾರಾಟ. ಉತ್ತರ ಕೊಡಬೇಕಾದವರು ಮನೆ-ನೆಂಟರು ಮತ್ತು ಈ ಕ್ಲಿನಿಕ್ಕಿನವರು. ಬೈಗುಳ ತಿನ್ನುತ್ತಿರುವವಳು ಮಾತ್ರ ಹುಡುಗಿ.

ಮೊದಲು ಪುರಾವೆಯನ್ನೇ ನೋಡೋಣ. ಫಿಲ್ಟರ್ ವಿರುದ್ಧ ಬರೆಯುವವರು ‘ಸ್ನ್ಯಾಪ್‌ಚಾಟ್ ಡಿಸ್ಮಾರ್ಫಿಯಾ’ (ಫಿಲ್ಟರಿನ ಮುಖವನ್ನೇ ಬಯಸುವ ಗೀಳು) ಎಂಬ ಹೆಸರನ್ನು ಎತ್ತದೆ ಇರುವುದಿಲ್ಲ. ಬ್ರಿಟನ್ನಿನ ಸೌಂದರ್ಯ ವೈದ್ಯ ಟಿಜಿಯನ್ ಈಶೋ ಬಳಕೆಗೆ ತಂದ ಹೆಸರು ಅದು. 2018ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಮೂವರು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅದರ ಬಗ್ಗೆ ಬರೆದ ಮೇಲೆ ಲೋಕದ ಪತ್ರಿಕೆಗಳೆಲ್ಲ ಅದನ್ನು ಹಿಡಿದುಕೊಂಡವು. ಆ ಬರಹ ರೋಗಿಗಳನ್ನು ಪರೀಕ್ಷಿಸಿ ಮಾಡಿದ ಅಧ್ಯಯನವಲ್ಲ, ಅಭಿಪ್ರಾಯ ಲೇಖನ. ಅದರ ಜೊತೆ ಸದಾ ಓಡಾಡುವ ಶೇ. 55 ಎಂಬ ಅಂಕಿ ಬಂದದ್ದು ಅಮೆರಿಕದ ಮುಖದ ಪ್ಲಾಸ್ಟಿಕ್ ಸರ್ಜನ್ನರ ಸಂಘದ 2017ರ ಸಮೀಕ್ಷೆಯಿಂದ. ಸೆಲ್ಫಿಯಲ್ಲಿ ಚೆನ್ನಾಗಿ ಕಾಣಬೇಕೆಂದು ಶಸ್ತ್ರಚಿಕಿತ್ಸೆ ಕೇಳಿಕೊಂಡು ಬಂದವರನ್ನು ನೋಡಿದ್ದೇವೆ ಎಂದು ಶೇ. 55 ವೈದ್ಯರು ಉತ್ತರಿಸಿದ್ದರು. ಬಂದವರಲ್ಲಿ ಶೇ. 55 ಮಂದಿ ಹಾಗೆ ಕೇಳಿದರು ಎಂದು ಇದರ ಅರ್ಥವಲ್ಲ. ಅಲ್ಲಿ ಕೇಳಿದ್ದು ಸೆಲ್ಫಿಯ ಬಗ್ಗೆ, ಫಿಲ್ಟರಿನ ಬಗ್ಗೆಯೂ ಅಲ್ಲ. ನಮ್ಮ ಅಂಕಣಗಳಿಗೆ ಬರುವಷ್ಟರಲ್ಲಿ ಅದು ‘ಅರ್ಧಕ್ಕಿಂತ ಹೆಚ್ಚು ಜನ ಫಿಲ್ಟರ್ ಮುಖ ಬೇಕೆಂದು ಬರುತ್ತಾರೆ’ ಎಂದಾಗಿಬಿಟ್ಟಿದೆ.

2021ರಲ್ಲಿ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗೆನ್ ಹೊರತಂದ ಫೇಸ್‌ಬುಕ್ಕಿನ ಒಳಕಾಗದಗಳ ಕತೆಯೂ ಹೀಗೇ. ಹದಿಹರೆಯದ ಮೂವರು ಹುಡುಗಿಯರಲ್ಲಿ ಒಬ್ಬಳಿಗೆ ಇನ್‌ಸ್ಟಾಗ್ರಾಂ ತನ್ನ ದೇಹದ ಬಗ್ಗೆ ಬೇಸರ ತರುತ್ತದೆ ಎಂದು ಸುದ್ದಿಯಾಯಿತು. ಆ ಕಾಗದದಲ್ಲಿದ್ದ ಮಾತನ್ನು ಪೂರ್ತಿ ಓದಬೇಕು: ತಮ್ಮ ದೇಹದ ಬಗ್ಗೆ ಬೇಸರ ಇದ್ದಾಗ ಇನ್‌ಸ್ಟಾಗ್ರಾಂ ಅದನ್ನು ಇನ್ನಷ್ಟು ಹೆಚ್ಚಿಸಿತು ಎಂದು ಶೇ. 32 ಹುಡುಗಿಯರು ಹೇಳಿದ್ದರು. ಕಂಪನಿ ಇದೇ ವಾಕ್ಯವನ್ನು ಹಿಡಿದು ತನ್ನನ್ನು ಸಮರ್ಥಿಸಿಕೊಂಡಿತು. ನಾನು ಕಂಪನಿಯ ಪರ ವಹಿಸುತ್ತಿಲ್ಲ. ಹುಣ್ಣು ಇದ್ದಲ್ಲಿ ಉಪ್ಪು ಸವರುವುದೂ ತಪ್ಪೇ. ಆದರೆ ಉಪ್ಪನ್ನು ಮಾತ್ರ ದೂರುತ್ತ ಕೂತರೆ ಆ ಹುಣ್ಣು ಎಲ್ಲಿಂದ ಬಂತು ಎಂದು ಕೇಳುವವರು ಯಾರು?

ಇನ್ನೊಂದು ನಂಬಿಕೆ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಫಿಲ್ಟರ್ ಸುಳ್ಳು, ಫಿಲ್ಟರ್ ಹಾಕದ ಫೋಟೋ ನಿಜ ಎನ್ನುವುದು. ‘ಫಿಲ್ಟರ್ ಇಲ್ಲದೆ ಸೆಲ್ಫಿ ತೆಗೆದು ಧೈರ್ಯವಾಗಿ ಹಾಕು’ ಎಂದು ಹುಡುಗಿಯರಿಗೆ ಉಪದೇಶ ಮಾಡುತ್ತೇವೆ. 2018ರಲ್ಲೇ ಬೋರಿಸ್ ಪಾಸ್ಕೋವರ್ ಎಂಬ ಅಮೆರಿಕದ ಸರ್ಜನ್ ಮತ್ತು ಅವರ ಜೊತೆಗಾರರು ಲೆಕ್ಕ ಹಾಕಿ ತೋರಿಸಿದರು: ಹನ್ನೆರಡು ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಬುಡ, ಐದು ಅಡಿ ದೂರದಿಂದ ತೆಗೆದ ಫೋಟೋದಲ್ಲಿ ಕಾಣುವುದಕ್ಕಿಂತ ಸುಮಾರು ಶೇ. 30 ಅಗಲವಾಗಿ ಕಾಣುತ್ತದೆ. ಕ್ಯಾಮೆರಾಕ್ಕೆ ಹತ್ತಿರವಿರುವ ಮೂಗು ದೊಡ್ಡದಾಗುತ್ತದೆ, ಹಿಂದಿರುವ ಕಿವಿ, ಕೆನ್ನೆ ಚಿಕ್ಕದಾಗುತ್ತವೆ. ಇದರಲ್ಲಿ ಆ್ಯಪ್‌ನ ಕೈವಾಡ ಏನೂ ಇಲ್ಲ, ಕೈಯುದ್ದದ ಅಂತರವೇ ಕಾರಣ. ಬೇಕಿದ್ದರೆ ಈಗಲೇ ನೋಡಿ. ಕೈ ಮಡಚಿ ಮುಖದ ಹತ್ತಿರ ಫೋನ್ ಹಿಡಿದು ಒಂದು ಫೋಟೋ ತೆಗೆಯಿರಿ. ಮನೆಯವರೊಬ್ಬರನ್ನು ಹಾಲಿನ ಆ ಕೊನೆಯಲ್ಲಿ ನಿಲ್ಲಿಸಿ ಅದೇ ಬೆಳಕಿನಲ್ಲಿ ಇನ್ನೊಂದು ತೆಗೆಸಿ, ಎರಡರಲ್ಲೂ ಮುಖ ಒಂದೇ ಅಳತೆಗೆ ಬರುವಂತೆ ಕತ್ತರಿಸಿ ಪಕ್ಕಪಕ್ಕ ಇಡಿ. ಎರಡು ಬೇರೆ ಬೇರೆ ಮೂಗು ಕಾಣುತ್ತವೆ. ‘ನನ್ನ ಮೂಗು ದಪ್ಪ’ ಎಂದು ನಂಬಿರುವ ಎಷ್ಟೋ ಹುಡುಗಿಯರು ನೋಡಿರುವುದು ಆ ಮೊದಲನೆಯ ಫೋಟೋವನ್ನು. ಫಿಲ್ಟರ್ ಆಮೇಲೆ ಬಂದು, ಹತ್ತಿರದ ಕ್ಯಾಮೆರಾ ಹಿಗ್ಗಿಸಿದ ಮೂಗನ್ನು ಕುಗ್ಗಿಸುತ್ತದೆ. ಫಿಲ್ಟರ್ ಇಲ್ಲದ ಸೆಲ್ಫಿಯನ್ನು ಸತ್ಯವೆಂದು ಒಪ್ಪಿಕೊಳ್ಳಲು ಹೇಳುವುದು, ಆ ಹುಡುಗಿಗೆ ಇಲ್ಲದ ಮೂಗನ್ನು ಒಪ್ಪಿಕೊಳ್ಳಲು ಹೇಳಿದಂತೆ.

ಮುಂಬಯಿಯ ಸಾಂತಾಕ್ರೂಜ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಝೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೋ ಎಂದು ಬೋರ್ಡು ಹಾಕಿದ ಪುಟ್ಟ ಅಂಗಡಿಗಳಿವೆ. ಒಂದರೊಳಗೆ ಹೋಗಿ ನಿಂತು ನೋಡಿ. ಸ್ಟೂಲಿನ ಮೇಲೆ ಕೂರಿಸಿ, ಗದ್ದ ಸ್ವಲ್ಪ ಮೇಲೆತ್ತಿಸಿ, ಹುಡುಗ ಫೋಟೋ ತೆಗೆಯುತ್ತಾನೆ. ಕಂಪ್ಯೂಟರಿಗೆ ಹಾಕಿ ಹಿನ್ನೆಲೆ ಬಿಳಿ ಮಾಡುತ್ತಾನೆ. ಆಮೇಲೆ, ಯಾರೂ ಕೇಳದೆ, ಮೌಸ್ ಮುಖದ ಮೇಲೆ ಹರಿದಾಡುತ್ತದೆ. ಕೆನ್ನೆಯ ಮೊಡವೆ ಕಲೆ ಹೋಯಿತು. ಕಣ್ಣಿನ ಕೆಳಗಿನ ಕಪ್ಪು ಹೋಯಿತು. ಕೊನೆಗೆ ಬೆಳಕನ್ನು ಒಂದು ಮಟ್ಟ ಏರಿಸಿ, ಮುಖ ಕುತ್ತಿಗೆಗಿಂತ ಬೆಳ್ಳಗಾದ ಮೇಲೆ ಪ್ರಿಂಟ್ ಕೊಡುತ್ತಾನೆ. ಅವನಿಗೆ ಇದನ್ನು ಇನ್‌ಸ್ಟಾಗ್ರಾಂ ಕಲಿಸಲಿಲ್ಲ. ಹಾಗೆ ಮಾಡದಿದ್ದರೆ ‘ಫೋಟೋ ಕಪ್ಪು ಬಂದಿದೆ, ಬೇರೆ ತೆಗಿ’ ಎಂದು ಗಿರಾಕಿ ವಾಪಸ್ ಬರುತ್ತಾರೆಂದು ಅನುಭವದಿಂದ ಗೊತ್ತು. ಅವನ ಹಿಂದಿನ ಪೀಳಿಗೆಯವರು ಇದನ್ನೇ ಸೀಸದ ಕಡ್ಡಿಯಿಂದ ಮಾಡುತ್ತಿದ್ದರು. ನೆಗೆಟಿವ್‌ನಲ್ಲಿ ಸೀಸ ತಾಗಿದ ಜಾಗ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಸುಕ್ಕು, ಕಲೆ, ಗುಳಿ ಎಲ್ಲ ಹಾಗೇ ಮಾಯವಾಗುತ್ತಿದ್ದವು. ಬಲ್ಲಾರ್ಡ್ ಎಸ್ಟೇಟಿನಲ್ಲಿ 1928ರಿಂದ ನಡೆದುಬಂದ ಹ್ಯಾಮಿಲ್ಟನ್ ಸ್ಟುಡಿಯೋದಂಥ ದೊಡ್ಡ ಜಾಗಕ್ಕೆ ಹೋಗಿ ‘ಸಂಬಂಧ’ಕ್ಕೆಂದು ಮಗಳ ಫೋಟೋ ತೆಗೆಸುವುದು ಮುಂಬಯಿಯ ಉಳ್ಳವರ ಮನೆಗಳಲ್ಲಿ ಮದುವೆ ತಯಾರಿಯ ಒಂದು ಭಾಗವೇ ಆಗಿತ್ತು. ತಿದ್ದಿದ ಫೋಟೋವನ್ನು ನಮ್ಮ ಹಿರಿಯರೇ ಹಣ ಕೊಟ್ಟು ಮಾಡಿಸಿದರು, ಅಂಚೆಯಲ್ಲಿ ಊರಿಗೆ ಕಳಿಸಿದರು. ಈಗ ಅದೇ ಕೆಲಸ ಹುಡುಗಿಯ ಸ್ವಂತ ಕೈಗೆ ಬಂದಿದೆ. ಕೈ ಬದಲಾದ ಕೂಡಲೇ ಅದು ರೋಗವಾಗಿ ಕಂಡಿತೇ?

ಫಿಲ್ಟರ್ ಏನು ಮಾಡುತ್ತದೆ ಎಂದು ಸರಿಯಾಗಿ ಗಮನಿಸಿದರೆ ಅದರ ಮೂಲ ತಿಳಿಯುತ್ತದೆ. ಅದು ಮುಖದ ಮೇಲೆ ಹತ್ತಾರು ಬಿಂದುಗಳನ್ನು ಗುರುತಿಸಿ, ಅವುಗಳ ನಡುವೆ ಬಲೆ ಹೆಣೆದು, ಬೇಕಾದಲ್ಲಿ ಎಳೆಯುತ್ತದೆ, ಬೇಕಾದಲ್ಲಿ ಒತ್ತುತ್ತದೆ. ಎಳೆತ ಮತ್ತು ಒತ್ತು ಸಾಮಾನ್ಯವಾಗಿ ಒಂದೇ ದಿಕ್ಕಿಗೆ: ಮೂಗು ಸಪೂರ, ಕಣ್ಣು ದೊಡ್ಡದು, ದವಡೆ ಕಿರಿದು, ಚರ್ಮ ಬಿಳಿ. ಈ ಸೂತ್ರಗಳಲ್ಲಿ ಕೆಲವನ್ನು ಬೀಜಿಂಗ್, ಸೋಲ್, ಕ್ಯಾಲಿಫೋರ್ನಿಯಾದವರು ಬರೆದಿರಬಹುದು. ಆದರೆ ಸಾಂತಾಕ್ರೂಜ್ ಬಳಿಯ ವಾಕೋಲಾದ ಚಾಳಿನ ಹುಡುಗಿಗೆ ಅವು ಹೊಸದಾಗಿ ಕಾಣುವುದಿಲ್ಲ. ಅವಳು ಹುಟ್ಟುವ ಮೊದಲೇ ‘ಕೇಸರಿ ಹಾಲು ಕುಡಿ, ಮಗು ಬೆಳ್ಳಗಾಗುತ್ತದೆ’ ಎಂದು ಅವಳ ತಾಯಿಗೆ ಹೇಳಿದವರಿದ್ದರು. ಶಾಲೆ ರಜೆಯಲ್ಲಿ ಊರಿಗೆ ಹೋದಾಗ ‘ಬಿಸಿಲಿಗೆ ಆಡಬೇಡ, ಕರ್ರಗಾಗ್ತಿ’ ಎಂದು ದೊಡ್ಡಮ್ಮ ಒಳಗೆ ಕರೆದಿದ್ದರು. ಅಕ್ಕನ ಸಂಬಂಧ ನೋಡುವಾಗ ಫೋನಿನ ಆ ತುದಿಯಿಂದ ‘ಹುಡುಗಿ ಲಕ್ಷಣ ಉಂಟು ಮಾರಾಯ್ತಿ, ಬಣ್ಣ ಮಾತ್ರ ಸ್ವಲ್ಪ ಕಮ್ಮಿಯಲ್ವಾ?’ ಎಂದದ್ದು ಅವಳಿಗೂ ಕೇಳಿಸಿತ್ತು. ಹದಿನಾರನೇ ವಯಸ್ಸಿನಲ್ಲಿ ಆ್ಯಪ್ ತೆರೆದು ಬೆರಳು ಸರಿಸಿದಾಗ, ಎಲ್ಲರೂ ಕಮ್ಮಿ ಎಂದದ್ದು ಒಂದು ಕ್ಷಣಕ್ಕೆ ಭರ್ತಿಯಾಯಿತು. ಅಷ್ಟು ವರ್ಷ ಆಕೆಯನ್ನು ಅಳೆದವರು ಯಾರೂ ಆ ಆ್ಯಪ್ ಬರೆದವರಲ್ಲ.

2020ರ ಜೂನ್ ತಿಂಗಳನ್ನು ನೆನಪಿಸಿಕೊಳ್ಳಿ. ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ವರ್ಣದ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ನಂತರ ಎದ್ದ ಕೂಗಿನ ನಡುವೆ, ವಧೂವರರನ್ನು ಹುಡುಕಿಕೊಡುವ ಮುಂಬಯಿಯ ಶಾದಿ ಡಾಟ್ ಕಾಮ್ ತನ್ನ ಜಾಲತಾಣದಲ್ಲಿ ಮೈಬಣ್ಣ ಆರಿಸಿ ಹುಡುಕುವ ಸೌಲಭ್ಯವನ್ನು ತೆಗೆದುಹಾಕಿತು. ಅದೇ ತಿಂಗಳ 25ರಂದು ಹಿಂದುಸ್ತಾನ್ ಯೂನಿಲಿವರ್ ‘ಫೇರ್ ಅಂಡ್ ಲವ್ಲಿ’ ಮುಲಾಮಿನ ಹೆಸರಿನಿಂದ ‘ಫೇರ್’ ಕೈಬಿಡುವುದಾಗಿ ಹೇಳಿತು. ಅದಾಗಿ ನಾಲ್ಕು ದಿನಕ್ಕೆ, ಬೇರೆಯೇ ಕಾರಣಕ್ಕೆ, ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಜೊತೆಗೆ ಬ್ಯೂಟಿಪ್ಲಸ್, ಮೇಯ್ಟು, ಸೆಲ್ಫಿಸಿಟಿ ಮುಂತಾದ ಮುಖ ತಿದ್ದುವ ಆ್ಯಪ್‌ಗಳೂ ಹೋದವು. ಆ್ಯಪ್ ತೆಗೆದರೆ ಸರಿಹೋಗುತ್ತದೆ ಎನ್ನುವವರು ಕೇಳಿದ್ದು ದೇಶಕ್ಕೆ ದೇಶವೇ ಒಂದು ರಾತ್ರಿಯಲ್ಲಿ ಮಾಡಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂದು ಆ ಜಾಗ ತುಂಬಿತು. ಮುಲಾಮು ಹೆಸರು ಬದಲಿಸಿಕೊಂಡು ಅಂಗಡಿಯಲ್ಲೇ ಉಳಿಯಿತು. ಬೇಡಿಕೆ ಇದ್ದಲ್ಲಿ ಸರಕು ಬಂದೇ ಬರುತ್ತದೆ.

ಆ ಮುಲಾಮು ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಅದನ್ನು ಮಾಡುವ ಕಂಪನಿಯ ಮುಖ್ಯ ಕಚೇರಿ ಇಂದು ಸಾಂತಾಕ್ರೂಜ್‌ನಿಂದ ಎರಡು ಸ್ಟೇಷನ್ ಆಚೆಯ ಅಂಧೇರಿಯ ಚಕಾಲಾದಲ್ಲಿದೆ. ‘ನನಗೊಬ್ಬ ಮಗನಿದ್ದಿದ್ದರೆ’ ಎಂದು ಅಪ್ಪ ಕೊರಗುವ, ಮುಲಾಮು ಹಚ್ಚಿಕೊಂಡ ಮಗಳು ಕೆಲಸ ಗಿಟ್ಟಿಸಿ ಬರುವ ಜಾಹೀರಾತನ್ನು ನನ್ನ ತಲೆಮಾರಿನವರು ಮರೆತಿರಲಾರರು. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಹೋರಾಡಿದ ಮೇಲೆ 2003ರಲ್ಲಿ ಅದು ನಿಂತಿತು. ಆ ಜಾಹೀರಾತು ಮಗಳಿಗೆ ಹೊಸ ಹಂಬಲ ಕಲಿಸಿತೆಂದು ನಾನು ನಂಬುವುದಿಲ್ಲ. ಅಪ್ಪ ಹೇಳುವ ಮಾತನ್ನು ಅದು ಚೆನ್ನಾಗಿ ಬಲ್ಲದ್ದಾಗಿತ್ತು, ಅದಕ್ಕೇ ಮನೆಮನೆಯಲ್ಲಿ ನಾಟಿತು.

ಮುಖ ಬದಲಾಯಿಸಿಕೊಳ್ಳಲು ಬಯಸುವುದೇ ಶೋಕಿ, ದುರಭಿಮಾನ ಎನ್ನುವವರು ಒಂದು ಹಳೆಯ ಘಟನೆಯನ್ನು ನೆನೆಯಬೇಕು. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿ ಮನುಷ್ಯ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಆ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಬಳಿ ಬೊಂಬಾಯಿ ಸೇನೆಯನ್ನು ಸೇರಿಕೊಂಡ. ಪುಣೆಯ ಕಡೆಯ, ಇಟ್ಟಿಗೆ ಮಾಡುವ ಸಮುದಾಯದ ಒಬ್ಬ ವೈದ್ಯ ಅವನ ಹಣೆಯ ಚರ್ಮವನ್ನು ಕೆಳಗಿಳಿಸಿ ಹೊಸ ಮೂಗು ಕಟ್ಟಿದ. ಈ ಸುದ್ದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಚಿತ್ರದ ಸಮೇತ ಅಚ್ಚಾಯಿತು; ಅದನ್ನು ಓದಿಯೇ ಯುರೋಪಿನ ವೈದ್ಯರು ಈ ವಿದ್ಯೆ ಕಲಿತರು. ಮೂಗು ಕತ್ತರಿಸುವುದು ಶಿಕ್ಷೆಯಾದದ್ದು ಯಾಕೆ? ನೋವಿಗಿಂತ ಹೆಚ್ಚಾಗಿ, ನಾಲ್ಕು ಜನರ ನಡುವೆ ಆ ಮನುಷ್ಯ ತಲೆಯೆತ್ತಿ ಓಡಾಡಲಾಗದಂತೆ ಮಾಡುವುದಕ್ಕೆ. ಮುಖಕ್ಕೆ ಬೆಲೆ ಕಟ್ಟುವವರು ಯಾವಾಗಲೂ ಆ ನಾಲ್ಕು ಜನ. ಅವರ ನಡುವೆ ಬದುಕಬೇಕಾದವರು ಆ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದನ್ನು ಪೊಳ್ಳುತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕಾವಸ್‌ಜಿಯ ಕೊರತೆ ಕತ್ತಿಯಿಂದಾಯಿತು, ಈ ಹುಡುಗಿಯದು ಮಾತಿನಿಂದಾಯಿತು. ಅವಳಿಗೆ ಕತ್ತಿ ಹಿಡಿದವರು ಬೇಡವೇ ಬೇಡ, ಮಾತು ನಿಲ್ಲಿಸುವವರು ಬೇಕು.

ಈಗ ಕ್ಲಿನಿಕ್ಕಿನ ವಿಚಾರ. ಸಾಂತಾಕ್ರೂಜ್ ಪಶ್ಚಿಮದಲ್ಲಿ ಎಸ್.ವಿ. ರೋಡಿನಿಂದ ಲಿಂಕಿಂಗ್ ರೋಡ್ ದಾಟಿ ಜುಹು ಕಡೆಗೆ ನಡೆದರೆ ಸ್ಕಿನ್, ಹೇರ್, ಲೇಸರ್ ಎಂಬ ಬೋರ್ಡುಗಳು ಒಂದರ ಹಿಂದೊಂದು ಸಿಗುತ್ತವೆ. ಇಲ್ಲಿಗೆ ಹುಡುಗಿ ಫಿಲ್ಟರ್ ಹಾಕಿದ ತನ್ನ ಫೋಟೋ ತಂದು ತೋರಿಸುವುದನ್ನೇ ನಾವು ದೊಡ್ಡ ಅಪಾಯವೆನ್ನುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಹಿಂದೆ ಸಿನಿಮಾ ನಟಿಯ ಫೋಟೋ ತಂದು ‘ಈ ಮೂಗು ಮಾಡಿ’ ಎನ್ನುತ್ತಿದ್ದರು. ಇವಳು ತಂದಿರುವುದು ತನ್ನದೇ ಮುಖ. ಒಳ್ಳೆಯ ವೈದ್ಯರಿಗೆ ಅದು ಮಾತು ಶುರುಮಾಡಲು ಒಳ್ಳೆಯ ದಾರಿ. ‘ನೋಡಮ್ಮ, ಇದರಲ್ಲಿ ಚರ್ಮಕ್ಕೆ ರಂಧ್ರವೇ ಇಲ್ಲ, ರಂಧ್ರವಿಲ್ಲದ ಚರ್ಮ ಯಾರಿಗೂ ಇರುವುದಿಲ್ಲ. ಇದು ಎದುರಿನಿಂದ ಮಾತ್ರ ಕಾಣುವ ಮುಖ. ನೀನು ನಗುತ್ತಿ, ತಿರುಗುತ್ತಿ, ನಿನ್ನನ್ನು ಪಕ್ಕದಿಂದಲೂ ನೋಡುತ್ತಾರೆ. ತುಟಿಗೆ ಹಾಕುವ ಫಿಲ್ಲರ್ ಕೆಲವು ತಿಂಗಳಿಂದ ಒಂದೂವರೆ ವರ್ಷದೊಳಗೆ ಕರಗುತ್ತದೆ, ಬೊಟಾಕ್ಸ್ ಮೂರು ನಾಲ್ಕು ತಿಂಗಳು ನಿಲ್ಲುತ್ತದೆ, ಮೂಗಿನ ಶಸ್ತ್ರಚಿಕಿತ್ಸೆಯ ಬಾವು ಪೂರ್ತಿ ಇಳಿಯಲು ವರ್ಷ ಬೇಕು. ನಮ್ಮಂಥ ಕಂದು ಚರ್ಮಕ್ಕೆ ಲೇಸರ್ ಅಥವಾ ಪೀಲ್ ಜಾಸ್ತಿಯಾದರೆ ಇದ್ದ ಕಲೆಗಿಂತ ಕಪ್ಪು ಕಲೆ ಉಳಿಯಬಹುದು.’ ಇಷ್ಟನ್ನು ಕೂತು ಹೇಳುವ ವೈದ್ಯರು ಈ ಊರಿನಲ್ಲಿ ಖಂಡಿತ ಇದ್ದಾರೆ. ಅವರ ಮುಂದೆ ಫಿಲ್ಟರಿನ ಆಟ ನಡೆಯುವುದಿಲ್ಲ.

ಕಷ್ಟ ಇರುವುದು ಇನ್ನೊಂದು ಬಗೆಯ ಕೋಣೆಯಲ್ಲಿ. ಅಲ್ಲಿ ಮೊದಲು ಸಿಗುವವರು ವೈದ್ಯರಲ್ಲ, ಪ್ಯಾಕೇಜು ವಿವರಿಸುವ ‘ಕೌನ್ಸೆಲರ್’. ಆರು ಸಿಟ್ಟಿಂಗ್, ಎಂಟು ಸಿಟ್ಟಿಂಗ್, ಇಎಂಐ ಉಂಟು, ಇವತ್ತೇ ಬುಕ್ ಮಾಡಿದರೆ ಡಿಸ್ಕೌಂಟ್ ಉಂಟು. ಗೋಡೆಯ ಮೇಲೆ ಚಿಕಿತ್ಸೆಗೆ ‘ಮೊದಲು’, ಚಿಕಿತ್ಸೆಯ ‘ನಂತರ’ ಎಂಬ ಜೋಡಿ ಫೋಟೋಗಳು. ಆ ಜೋಡಿಗಳನ್ನು ಹತ್ತಿರ ಹೋಗಿ ನೋಡಬೇಕು. ‘ಮೊದಲು’ ತೆಗೆದದ್ದು ತಲೆಯ ಮೇಲಿನ ಟ್ಯೂಬ್‌ಲೈಟಿನಲ್ಲಿ. ಕೂದಲು ಕೆದರಿದೆ, ನಗುವಿಲ್ಲ, ಪ್ರತಿ ಗುಳಿಯಲ್ಲೂ ನೆರಳು. ‘ನಂತರ’ ತೆಗೆದದ್ದು ಎದುರಿನಿಂದ ಬೀಳುವ ಮೆತ್ತಗಿನ ಬೆಳಕಿನಲ್ಲಿ. ಕೂದಲು ಬಾಚಿದೆ, ಪೌಡರ್ ಇದೆ, ಮುಖ ಸ್ವಲ್ಪ ಓರೆ. ಇದಕ್ಕೆ ಆ್ಯಪ್ ಬೇಕಾಗಿಲ್ಲ. ಹುಡುಗಿ ತಂದ ಫೋಟೋ ಆಟದ್ದೆಂದು ಅವಳಿಗೆ ಗೊತ್ತು, ಫಿಲ್ಟರಿನ ಹೆಸರೂ ಗೊತ್ತು. ಗೋಡೆಯ ಮೇಲಿನದು ವೈದ್ಯಕೀಯದ ಸಾಕ್ಷಿ ಎಂದು ನಂಬುತ್ತಾಳೆ. ನಿರೀಕ್ಷೆಯನ್ನು ಹಾಳುಮಾಡುವುದು ಯಾವುದು ಎಂದು ನೀವೇ ಹೇಳಿ.

ನೋಂದಾಯಿತ ವೈದ್ಯರು ಜಾಹೀರಾತು ಕೊಟ್ಟು ರೋಗಿಗಳನ್ನು ಕರೆಯುವಂತಿಲ್ಲ ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳಲ್ಲಿ ಬರೆದಿದೆ. ಆ ನಿಯಮ ಹಿಡಿಯುವುದು ವೈದ್ಯರನ್ನು. ಕ್ಲಿನಿಕ್ ನಡೆಸುವ ಕಂಪನಿ ಅದರ ಕೈಗೆ ಸಿಗುವುದಿಲ್ಲ. ಮಹಾರಾಷ್ಟ್ರದಲ್ಲಿ ನರ್ಸಿಂಗ್ ಹೋಮ್‌ಗಳ ನೋಂದಣಿಗೆ 1949ರ ಕಾಯ್ದೆಯಿದೆ, ಆದರೆ ಅದರ ಕಣ್ಣು ಹಾಸಿಗೆ ಇರುವ ಕಡೆಗೆ. ಕುರ್ಚಿಯಲ್ಲಿ ಕೂರಿಸಿ ಸೂಜಿ ಚುಚ್ಚಿ ಮನೆಗೆ ಕಳಿಸುವ ಜಾಗಗಳ ಮೇಲೆ ಅದರ ಹಿಡಿತ ಸಡಿಲ. ಫಿಲ್ಟರ್ ನಿಷೇಧಿಸಿ ಎಂದು ಒತ್ತಾಯಿಸುವವರ ದನಿ ಈ ಕಡೆಗೂ ತಿರುಗಲಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಚೇತನಾ ರಾಜ್ ಸಾವು ನೆನಪಾದಾಗಲೆಲ್ಲ ನನಗೆ ಈ ಸಂಕಟ ಹೆಚ್ಚಾಗುತ್ತದೆ. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ನಟಿಸಿದ್ದ ಆ ಹುಡುಗಿ 2022ರ ಮೇ 16ರಂದು ಬೆಂಗಳೂರಿನಲ್ಲಿ, ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ವಯಸ್ಸು 21. ಮರುದಿನದಿಂದ ಟಿವಿಯಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಲ್ಲಕ್ಕಿಂತ ಮುಂದೆ ಬಂದ ಪ್ರಶ್ನೆ ‘ಸಪೂರವಾಗೇ ಇದ್ದಳಲ್ಲ, ಇವಳಿಗೆ ಇದೆಲ್ಲ ಯಾಕೆ ಬೇಕಿತ್ತು?’ ಎಂಬುದು. ಆ ಜಾಗದಲ್ಲಿ ಇಂಥ ಶಸ್ತ್ರಚಿಕಿತ್ಸೆ ಮಾಡಲು ಅನುಮತಿ ಇತ್ತೇ, ತುರ್ತು ಬಂದರೆ ಏನು ವ್ಯವಸ್ಥೆ ಇತ್ತು, ಬೇಡ ಎಂದು ಅವಳಿಗೆ ಯಾರಾದರೂ ಹೇಳಿದರೇ ಎಂಬ ಪ್ರಶ್ನೆಗಳೂ ಎದ್ದವು, ಆದರೆ ಅವುಗಳ ಆಯಸ್ಸು ಬಹಳ ಕಮ್ಮಿಯಾಯಿತು. ಸತ್ತವಳ ಆಸೆಯನ್ನು ವಿಚಾರಣೆಗೆ ಎಳೆದು ಬದುಕಿರುವವರ ಹೊಣೆಯನ್ನು ಬಿಟ್ಟುಬಿಟ್ಟೆವು.

ಫಿಲ್ಟರಿನಿಂದ ಯಾರಿಗೂ ತೊಂದರೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ತನ್ನ ಮುಖದಲ್ಲಿ ಇಲ್ಲದ ಕುರೂಪವನ್ನು ಕಂಡು ದಿನವಿಡೀ ಅದರಲ್ಲೇ ಬೇಯುವ ಕಾಯಿಲೆಯೊಂದಿದೆ. ಇಟಲಿಯ ಮನೋವೈದ್ಯ ಎನ್ರಿಕೊ ಮೊರ್ಸೆಲ್ಲಿ ಅದನ್ನು 1891ರಲ್ಲೇ ಗುರುತಿಸಿ ಹೆಸರಿಟ್ಟರು. ಅಂಥವರಿಗೆ ಕೈಯಲ್ಲಿ ಸದಾ ಇರುವ ಕ್ಯಾಮೆರಾ, ಅದರೊಳಗಿನ ಫಿಲ್ಟರ್ ನಿಜಕ್ಕೂ ಹಿಂಸೆ. ಅವರಿಗೆ ಬೇಕಾದ್ದು ಮನೋವೈದ್ಯರು. ಮೂಗು ತಿದ್ದಿಸಿದರೂ ಅವರ ಸಂಕಟ ಸಾಮಾನ್ಯವಾಗಿ ಇಳಿಯುವುದಿಲ್ಲ, ಇನ್ನೊಂದು ಅಂಗಕ್ಕೆ ಹೋಗಿ ಕೂರುತ್ತದೆ. ಇದನ್ನು ಗುರುತಿಸಿ ವಾಪಸ್ ಕಳಿಸುವ ಕೆಲಸವೂ ಕ್ಲಿನಿಕ್ಕಿನದೇ. ತಿದ್ದಿದ ಜಾಹೀರಾತು ಚಿತ್ರಕ್ಕೆ ಗುರುತು ಹಾಕಬೇಕೆಂದು ನಾರ್ವೆ 2022ರಲ್ಲಿ, ಪ್ರಭಾವಿಗಳ ತಿದ್ದಿದ ಚಿತ್ರಕ್ಕೂ ಗುರುತು ಬೇಕೆಂದು ಫ್ರಾನ್ಸ್ 2023ರಲ್ಲಿ ಕಾನೂನು ತಂದವು. ನಮ್ಮಲ್ಲೂ ಬರಲಿ,  ಕ್ಲಿನಿಕ್ಕಿನ ಜೋಡಿ ಫೋಟೋಗಳಿಗೂ ಸೇರಿಸಿ ಬರಲಿ.

ಆದರೆ ಬಿಳುಪಿನ ಹಂಬಲ ಫೋನಿಲ್ಲದ ಕಡೆಯೂ ಮೈಯನ್ನು ಹಾಳುಮಾಡುತ್ತಿದೆ. ಕೇರಳದ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರಿನವರೆಗೆ ಬಂದ ಒಂದು ಬಗೆಯ ಮೂತ್ರಪಿಂಡ ಕಾಯಿಲೆಯ 22 ರೋಗಿಗಳನ್ನು ಪರಿಶೀಲಿಸಿದರು. 15 ಮಂದಿಯಲ್ಲಿ ಅಪರೂಪದ ಒಂದೇ ಲಕ್ಷಣ ಕಂಡಿತು, ಅವರಲ್ಲಿ 13 ಮಂದಿ ಬಿಳಿಯಾಗುವ ಕ್ರೀಮು ಹಚ್ಚುತ್ತಿದ್ದವರು. ಅಂಥ ಕ್ರೀಮಿನಲ್ಲಿರುವ ಪಾದರಸ ಚರ್ಮದ ಮೂಲಕ ಇಳಿದು ಮೂತ್ರಪಿಂಡವನ್ನು ತಿನ್ನುತ್ತದೆ. ಈ ಡಬ್ಬಿಯನ್ನು ಕೊಂಡು ತರಲು ಯಾರಿಗೂ ಇನ್‌ಸ್ಟಾಗ್ರಾಂ ಖಾತೆ ಬೇಕಾಗಲಿಲ್ಲ.

ನಮ್ಮ ಕೈಯಲ್ಲೇ ಇರುವ ಒಂದು ಕೆಲಸದ ಬಗ್ಗೆ ಹೇಳಬೇಕು. ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನದಲ್ಲಿ ನಾರಾಯಣ ಗುರುಗಳನ್ನು ಪೂಜಿಸುತ್ತೇವೆ. 1927ರಲ್ಲಿ ಕೇರಳದ ಕಳವಂಕೋಡದಲ್ಲಿ ಮೂರ್ತಿಯ ಬದಲು ಕನ್ನಡಿಯನ್ನು ಪ್ರತಿಷ್ಠಾಪಿಸಿ, ಬಂದವರಿಗೆ ಅವರ ಮುಖವನ್ನೇ ತೋರಿಸಿದವರು ಅವರು. ಗುರುಗಳಿಗೆ ಕೈಮುಗಿಯುವವರು, ಪ್ರಭಾತ್ ಕಾಲೊನಿಯ ಪೇಜಾವರ ಮಠಕ್ಕೆ ಹೋಗುವವರು, ಕುರ್ಲಾ, ಸಯನ್ ಕಡೆಯ ಸಂಘಗಳವರು, ನಾವೆಲ್ಲರೂ ಯಾವುದೋ ಒಂದು ವಧೂವರ ಅನ್ವೇಷಣೆಯ ಅರ್ಜಿ ತುಂಬಿದವರೇ, ಇಲ್ಲವೇ ಮಕ್ಕಳಿಗಾಗಿ ತುಂಬುವವರೇ. ಹೆಸರು, ನಕ್ಷತ್ರ, ಎತ್ತರ, ವಿದ್ಯೆ, ಸಂಬಳದ ಸಾಲಿನಲ್ಲಿ ‘ಬಣ್ಣ’ ಎಂಬ ಕಾಲಂ ಈಗಲೂ ಎಷ್ಟೋ ಕಡೆ ಇದೆ. ಎಣ್ಣೆಗೆಂಪು, ಗೋಧಿ ಬಣ್ಣ, ಬಿಳಿ ಎಂದು ಅದರಲ್ಲಿ ಬರೆಯುತ್ತೇವೆ, ಕಪ್ಪು ಎಂದು ಬರೆದವರನ್ನು ನಾನಂತೂ ನೋಡಿಲ್ಲ. ಶಾದಿ ಡಾಟ್ ಕಾಮ್ ಎಂಬ ಖಾಸಗಿ ಕಂಪನಿ ವ್ಯಾಪಾರಕ್ಕೆ ಹೆದರಿಯಾದರೂ 2020ರಲ್ಲಿ ಬಿಟ್ಟದ್ದನ್ನು ನಮ್ಮ ಸಂಘಗಳು ಬಿಡಬಲ್ಲವು. ಅದಕ್ಕೆ ಕಾನೂನು ಬೇಡ, ಅನುದಾನ ಬೇಡ. ಕಾರ್ಯಕಾರಿ ಸಮಿತಿಯ ಒಂದು ಸಭೆ ಸಾಕು. ಮುಂದಿನ ಅರ್ಜಿ ಅಚ್ಚಿಗೆ ಹೋಗುವ ಮೊದಲು ಆ ಕಾಲಂ ತೆಗೆಯಿರಿ ಎಂದು ಪ್ರತಿ ಸಂಘದ ಅಧ್ಯಕ್ಷರನ್ನೂ, ಮುಖ್ಯವಾಗಿ ಫಿಲ್ಟರ್ ಬಗ್ಗೆ ಕಾರ್ಯಾಗಾರ ನಡೆಸುತ್ತಿರುವ ಮಹಿಳಾ ವಿಭಾಗದವರನ್ನೂ ನಾನು ಕೇಳುತ್ತಿದ್ದೇನೆ.